ತಂಗಿಗೆ ಗಂಜಿ, ಜಗಲಿಗೆ ಹರಿವೆ

ಸ್ತನ ಕ್ಯಾನ್ಸರಿನ ಆಪರೇಶನ್ನು ಮುಗಿದು ಕೀಮೋ ನಡೆಯುತ್ತಿದ್ದಾಗ ತಂಗಿ ಶಿರಸಿಯ ನಮ್ಮನೆಯಲ್ಲೇ ಇದ್ದಳು. ಸ್ಟೀಲಿನ ಚಮಚ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗೆ ಅನ್ನುತ್ತಿದ್ದಳು. ಮರದ ಚಮಚ ಕೊಟ್ಟ ಮೇಲೆ ನಾಲ್ಕು ತುತ್ತು ಹೆಚ್ಚು ಇಳಿಯಿತು. ಕುಚ್ಚಲಕ್ಕಿ ಗಂಜಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಎರಡು ತಾಸಿಗೊಮ್ಮೆ ಚಿಕ್ಕ ಬಟ್ಟಲಲ್ಲಿ ಕೊಡಿ. ಬಾಯಿ ಹುಣ್ಣಿದ್ದರೆ ಮುರುಗಲು, ಮಿಡಿ ಉಪ್ಪಿನಕಾಯಿ ಬೇಡ.

ತಂಬುಳಿ ಅವಳ ಜೀವ. ಆದರೆ ಅದಕ್ಕೆ ಹಾಕುವ ಒಂದೆಲಗದ ಸೊಪ್ಪು ಬೆಳೆಯುವುದು ಕೆಸರಲ್ಲಿ. ಬಿಳಿ ರಕ್ತಕಣ ಇಳಿದಿರುವಾಗ ಹಸಿಸೊಪ್ಪು ರುಬ್ಬಿ ಕೊಡಲೇಬೇಡಿ. ಎಲೆ ಎಲೆ ಬಿಡಿಸಿ, ಹರಿಯುವ ನೀರಲ್ಲಿ ಮೂರು ಸಲ ತೊಳೆದು, ಚೆನ್ನಾಗಿ ಬೇಯಿಸಿ, ಆಮೇಲೆ ಜೀರಿಗೆ, ಕಾಯಿತುರಿ ಜೊತೆ ರುಬ್ಬಿ. ಮಜ್ಜಿಗೆ ಆಗಿಂದಾಗ ಕಡೆದದ್ದೇ ಇರಲಿ. ನೆಂಟರು ತಂದುಕೊಡುವ ಕಷಾಯ, ಪುಡಿಗಳನ್ನು ಡಾಕ್ಟರಿಗೆ ಕೇಳದೆ ಕುಡಿಸಬೇಡಿ. ಕೆಲವು ಔಷಧದ ಕೆಲಸಕ್ಕೇ ಅಡ್ಡ ಬರುತ್ತವೆ.

ಕೀಮೋ ಮುಗಿದು ಡಾಕ್ಟರು ಹೂಂ ಅಂದ ಮೇಲೆ ಅವಳಿಗೊಂದು ಕೆಲಸ ಹುಡುಕಿದೆ. ಜಗಲಿಕಟ್ಟೆ ಮೇಲೆ ಸೊಂಟದೆತ್ತರಕ್ಕೆ ಗ್ರೋ ಬ್ಯಾಗ್ ಇಟ್ಟು ಹರಿವೆ ಬೀಜ ಉದುರಿಸಿದಳು. ಆಪರೇಶನ್ನಲ್ಲಿ ಕಂಕುಳಿನ ದುಗ್ಧಗ್ರಂಥಿ (ಲಿಂಫ್ ಗಂಟು) ತೆಗೆದ ಕಡೆಯ ಕೈಗೆ ಮುಳ್ಳು ಗೀರಿದರೂ ಸೋಂಕಾಗಿ ಬಾವು ಬರಬಹುದು. ಹಾಗಾಗಿ ಗ್ಲೌಸ್ ಇಲ್ಲದೆ ಮಣ್ಣು ಮುಟ್ಟುವ ಹಾಗಿಲ್ಲ. ಗೀರಿದರೆ ಸೋಪಲ್ಲಿ ತೊಳೆಯಿರಿ, ಕೆಂಪಾಗಿ ಬಿಸಿಯಾದರೆ ಆ ದಿನವೇ ತೋರಿಸಿ. ಗೊಬ್ಬರಗುಂಡಿ ಕೆದಕುವುದು ಮನೆಯ ಬೇರೆಯವರ ಪಾಲು, ಅದರ ಧೂಳಲ್ಲಿ ಬೂಸ್ಟು ಇರುತ್ತದೆ. ನೀರಿನ ಕ್ಯಾನ್ ಅರ್ಧವೇ ತುಂಬಿಸಿ. ಬಿಸಿಲೇರುವ ಮೊದಲೇ ಒಳಗೆ ಕರೆಯಿರಿ.

ಅಡಿಕೆ ತೋಟದ ಮನೆಯವಳಾಗಿ ಇನ್ನೊಂದು ಮಾತು ಹೇಳಲೇಬೇಕು. ತಂಬಾಕಿಲ್ಲದ ಕವಳವನ್ನೂ (ಎಲೆ-ಅಡಿಕೆ), ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಹೊಟ್ಟೆಗೆ ಅನ್ನ ಕೊಡುವ ಬೆಳೆ, ನಿಜ. ಆದರೂ ಕವಳದ ಬಟ್ಟಲನ್ನು ಅಟ್ಟಕ್ಕೆ ಹಾಕಿಬಿಟ್ಟೆ.

ಹರಿವೆಗೆ ತಿಂಗಳು ಸಾಕು. ಬುಡ ಕೀಳದೆ ಕುಡಿ ಚಿವುಟಿದರೆ ಮತ್ತೆ ಚಿಗುರುತ್ತದೆ. ಮೊದಲ ಸೊಪ್ಪನ್ನು ಅವಳೇ ಚಿವುಟಿ, ಮಡಿಲಲ್ಲಿಟ್ಟುಕೊಂಡು ಅಡಿಗೆಮನೆಗೆ ಬಂದಳು. ಅವತ್ತು ಹುಳಿಗೆ ಖಾರ ಕಡಿಮೆ ಹಾಕಿದೆ, ಅವಳು ಎರಡು ಸಲ ಬಡಿಸಿಕೊಂಡಳು.