ಗುಡ್ಡದ ಮರ ಅಳೆಯುವವರಿಗೆ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಮರಗಳ ಲೆಕ್ಕಕ್ಕೆ ಹೊರಟವರು ಮೊದಲು ಟೇಪು ಹಿಡಿಯುವುದನ್ನು ಸರಿಯಾಗಿ ಕಲಿಯಿರಿ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕು. ಆದರೆ ನಮ್ಮಲ್ಲಿ ಗುಡ್ಡವೇ ಜಾಸ್ತಿ ಅಲ್ವಾ, ಇಳಿಜಾರಿನಲ್ಲಿ ಮೇಲಿನ ಬದಿಗೆ ನಿಂತೇ ಆ ಎತ್ತರ ಗುರುತಿಸಿ. ಕೆಳಗಿನ ಬದಿಯಿಂದ ಹಿಡಿದರೆ ಟೇಪು ಬುಡಕ್ಕೆ ಹತ್ತಿರ ಬಂದು ಅಳತೆ ಸುಮ್ನೆ ಹೆಚ್ಚಾಗುತ್ತದೆ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ.

ಹಲಸಿಗೆ ಕರಿಮೆಣಸಿನ ಬಳ್ಳಿ ಹಬ್ಬಿದ್ದರೆ ಟೇಪನ್ನು ಬಳ್ಳಿಯ ಅಡಿಯಲ್ಲಿ ನಿಧಾನವಾಗಿ ತೂರಿಸಿ. ಬೆರಳಿಗೆ ಸಣ್ಣ ಬೇರುಗಳು ಅಂಟಿಕೊಂಡಂತೆ ಸಿಗುತ್ತವೆ, ಎಳೆಯಬೇಡಿ, ಅದು ಆ ಮನೆಯವರ ಅನ್ನ.

ಮರದ ಹೆಸರನ್ನು ಮನೆಯ ಹಿರಿಯರಲ್ಲೇ ಕೇಳಿ. ನಮ್ಮ ಹಲಸು ತುಳುವರಿಗೆ ಪೆಲ, ಮಲಯಾಳದವರಿಗೆ ಪ್ಲಾವ್. ಮೂರನ್ನೂ ಬರೆದುಕೊಳ್ಳಿ, ಪೆನ್ಸಿಲಿನಲ್ಲೇ, ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ.

ಚೀಲದಲ್ಲಿ ಒಂದು ದುರ್ಬೀನು ಇರಲಿ. ಬುತ್ತಿ ಬಿಚ್ಚುವ ಹೊತ್ತಿಗೆ ಹಣ್ಣು ಬಿಟ್ಟ ಗೋಳಿಮರದಡಿ ಕೂತರೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಕಾಣಬಹುದು, ರೆಕ್ಕೆಯ ಸದ್ದೇ ಮೊದಲು ಕೇಳುತ್ತದೆ. ಸಂಜೆ ಹತ್ತಿರದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಇದ್ದರೆ ನಾನಂತೂ ಕೆಸರು ಕಾಲಲ್ಲೇ ಹೋಗಿ ಕೂರುತ್ತೇನೆ.