ಭೂತಾನ್‌ಗೆ ಹೊರಟರೆ ಪುನಾಖಾದಲ್ಲಿ ಒಂದು ರಾತ್ರಿ ಉಳಿಯಿರಿ

ಭೂತಾನ್‌ಗೆ ಹೊರಟವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಬೆಳಿಗ್ಗೆ ರಾಜಧಾನಿ ಥಿಂಪು ಬಿಟ್ಟು, ಪುನಾಖಾ ನೋಡಿ, ಸಂಜೆಗೆ ವಾಪಸ್ ಬರುವ ಪ್ಲಾನ್ ಹಾಕಬೇಡಿ. ಅಲ್ಲಿ ಒಂದು ರಾತ್ರಿ ಉಳಿಯಿರಿ.

ಮೊದಲು ಕಾಗದಪತ್ರ. ನಮಗೆ ವೀಸಾ ಬೇಡ, ಪರ್ಮಿಟ್ ಬೇಕು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, ದೊಡ್ಡವರಿಗೆ ಆಧಾರ್ ನಡೆಯುವುದಿಲ್ಲ. ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕ, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಬೆಂಗಳೂರಿನಿಂದ ಬಾಗ್‌ಡೋಗ್ರಾಗೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್. ಗಡಿ ದಾಟಿದರೆ ಫುಂತ್ಶೋಲಿಂಗ್. ಗಡಿಯಾರ ಅರ್ಧ ಗಂಟೆ ಮುಂದಿಡಿ.

ಥಿಂಪುವಿನಿಂದ ಪುನಾಖಾಗೆ ಹೋಗುವಾಗ ಸಿಗುವ ದೋಚುಲಾ ಕಣಿವೆದಾರಿ 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿ 108 ಸ್ತೂಪಗಳಿವೆ. ಬೇಗ ಹೊರಡಿ, ಮೋಡ ಏರುವ ಮೊದಲು ಹಿಮದ ಸಾಲು ಕಾಣುತ್ತದೆ.

ಪುನಾಖಾ ಜೋಂಗ್ ಕಟ್ಟಿದ್ದು 1637–38ರಲ್ಲಿ, ಫೋ ಛು ಮತ್ತು ಮೋ ಛು ನದಿಗಳು ಸೇರುವ ಜಾಗದಲ್ಲಿ. ಕೋಟೆ, ಮಠ, ಸರ್ಕಾರಿ ಕಚೇರಿ ಎಲ್ಲ ಒಂದೇ ಕಟ್ಟಡದಲ್ಲಿವೆ. ಸೀದಾ ಒಳಗೆ ನುಗ್ಗಬೇಡಿ. ಆಚೆ ದಡದಲ್ಲಿ ಸ್ವಲ್ಪ ಹೊತ್ತು ನಿಂತು ಗೋಡೆ ನೋಡಿ. ಮೇಲೇರುತ್ತಾ ಅದು ಒಳಕ್ಕೆ ವಾಲುತ್ತದೆ. ಕೆಳಗೆ ಬರೀ ಸಣ್ಣ ಕಿಂಡಿಗಳು, ಮೇಲಕ್ಕೆ ಹೋದಂತೆ ಬಣ್ಣ ಬಳಿದ ಅಗಲ ಮರದ ಕಿಟಕಿಗಳು. ಸೂರಿನ ಕೆಳಗಿನ ಕೆಂಪು ಪಟ್ಟಿ, ಇದು ಪವಿತ್ರ ಕಟ್ಟಡ ಎಂಬುದಕ್ಕೆ ಗುರುತು. 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಬಂದ ಪ್ರವಾಹ ಈ ಜೋಂಗ್‌ಗೂ ಪೆಟ್ಟು ಕೊಟ್ಟಿತ್ತು. ಆ ನೀರಿನ ಪಕ್ಕದಲ್ಲೇ ನಿಂತಾಗ ಆ ಪೆಟ್ಟು ಎಂಥದ್ದು ಅಂತ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮರದ ಸೇತುವೆ ದಾಟಿ, ಕಡಿದಾದ ಮೆಟ್ಟಿಲು ಹತ್ತಿದರೆ ಮೊದಲ ಅಂಗಳದಲ್ಲಿ ಬೋಧಿವೃಕ್ಷ. ತುಂಬು ತೋಳಿನ ಅಂಗಿ ಹಾಕಿ, ಟೋಪಿ ತೆಗೆಯಿರಿ. ಗುಡಿಯೊಳಗೆ ಫೋಟೊ ಬೇಡ. ಚಳಿಗಾಲದಲ್ಲಿ ಥಿಂಪುವಿನ ಭಿಕ್ಷುಗಳು ಇಲ್ಲಿಗೆ ಬಂದು ಇರುತ್ತಾರೆ, ಆಗ ಹೋದರೆ ಇನ್ನೂ ಒಳ್ಳೆಯದು.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಎಮಾ ದಾತ್ಶಿಯಲ್ಲಿ ಮೆಣಸಿನಕಾಯಿಯೇ ತರಕಾರಿ: ಉದ್ದಕ್ಕೆ ಸೀಳಿ, ಚೀಸ್ ಹಾಕಿ ಬೇಯಿಸುತ್ತಾರೆ. ಖಾರ ಜಾಸ್ತಿಯೇ. ನಮ್ಮ ಅತ್ತೆಗೆ ಆಲೂಗಡ್ಡೆ ಹಾಕಿದ ಕೇವಾ ದಾತ್ಶಿ ಹಿಡಿಸಿತು, ಕೆಂಪಕ್ಕಿ ಅನ್ನ ಅಂತೂ ಎರಡನೇ ಸಲ ಬಡಿಸಿಕೊಂಡರು. ಮಕ್ಕಳಿಗೂ ಕೇವಾ ದಾತ್ಶಿಯಿಂದಲೇ ಶುರು ಮಾಡಿ. ಸುಜಾ ಅಂದರೆ ಉಪ್ಪು, ಬೆಣ್ಣೆ ಹಾಕಿದ ಚಹಾ. ಸಿಹಿ ಇರುತ್ತದೆ ಅಂದುಕೊಂಡು ಕುಡಿಯಬೇಡಿ, ತಿಳಿಸಾರು ಅಂದುಕೊಂಡರೆ ರುಚಿಸುತ್ತದೆ.

ಪಾರೋದಲ್ಲಿ ಕಡಿದಾದ ಬಂಡೆಯ ಮೇಲಿರುವ ತಕ್ತ್ಸಾಂಗ್ ಮಠವನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ, ಅಲ್ವಾ? ಕುದುರೆ ಸಿಗುವುದು ಅರ್ಧ ದಾರಿಯ ಕೆಫೆಟೇರಿಯಾವರೆಗೆ ಮಾತ್ರ. ಕೊನೆಯಲ್ಲಿ ಮೆಟ್ಟಿಲಿಳಿದು, ಜಲಪಾತದ ಪಕ್ಕ ಮತ್ತೆ ಹತ್ತಬೇಕು. ಮೊಬೈಲ್, ಚೀಲ ಬಾಗಿಲಲ್ಲೇ ಬಿಡಬೇಕು. ಊರುಗೋಲು ಬೆಟ್ಟದ ಬುಡದಲ್ಲೇ ತಗೊಳ್ಳಿ, ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಅದು ಬೇಕು.