ಇಟಲಿಯಲ್ಲಿ ಟ್ರೇನ್ ಸುತ್ತಾಟ: ನಾನು ಪ್ಲಾನ್ ಮಾಡಿದ ರೀತಿ

ಇಟಲಿ ಅಂದ ಕೂಡಲೇ ಎಲ್ಲರೂ ಊರುಗಳ ಪಟ್ಟಿ ಬರೆಯಲು ಕೂರುತ್ತಾರೆ. ನಾನು ಮೊದಲು ತೆಗೆದದ್ದು ರೈಲ್ವೆ ನಕ್ಷೆ. ಅಲ್ಲಿನ ವೇಗದ ರೈಲುಮಾರ್ಗ ಮಿಲಾನ್‌ನಿಂದ ಹೊರಟು ಬೊಲೊನ್ಯ, ಫ್ಲಾರೆನ್ಸ್, ರೋಮ್ ಮುಟ್ಟಿ ನೇಪಲ್ಸ್‌ವರೆಗೆ ಬೆನ್ನುಮೂಳೆಯ ಹಾಗೆ ಕೆಳಗಿಳಿಯುತ್ತದೆ. ವೆನಿಸ್‌ಗೆ ಬೊಲೊನ್ಯದಿಂದ ಒಂದು ಕವಲು, ಮಿಲಾನ್‌ನಿಂದ ವೆರೋನಾ ಮೇಲೆ ಇನ್ನೊಂದು ದಾರಿ. ಇಷ್ಟು ತಲೆಗೆ ಹೋದರೆ ಅರ್ಧ ಪ್ಲಾನ್ ಆದಂತೆ. ಯಾಕೆಂದರೆ ಈ ದಾರಿಯ ಮೇಲಿರುವ ಊರುಗಳ ನಡುವೆ ಓಡಾಡುವುದು ತುಂಬಾ ಸುಲಭ. ಇದರಿಂದ ಪಕ್ಕಕ್ಕೆ ಸರಿದ ಊರಿಗೆ ದೂರ ಕಡಿಮೆ ಇದ್ದರೂ ಸಮಯ ಜಾಸ್ತಿ ಬೇಕು.

ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ. ಅಮ್ಮನಿಗೆ ಮಂಡಿ ನೋವು. ಹಾಗಾಗಿ ಹೋಟೆಲ್ ಬದಲಿಸುವುದು ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು ಅಂತ ಮೊದಲೇ ತೀರ್ಮಾನ ಮಾಡಿದೆ. ಮಿಲಾನ್‌ನಲ್ಲಿ ವಿಮಾನ ಇಳಿಯುವುದು, ರೋಮ್‌ನಿಂದ ವಾಪಸ್ ಹತ್ತುವುದು. ಬಂದ ಊರಿಗೇ ಮತ್ತೆ ಹೋಗಿ ವಿಮಾನ ಹಿಡಿಯುವ ಅಗತ್ಯವೇ ಇಲ್ಲ, ಅದರಲ್ಲಿ ಸುಮ್ನೆ ಒಂದು ದಿನ ಹೋಗುತ್ತದೆ. ಮಿಲಾನ್‌ನಿಂದ ವೆನಿಸ್ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಫ್ಲಾರೆನ್ಸ್ ಎರಡೂಕಾಲು ಗಂಟೆ. ಆಮೇಲೆ ರೋಮ್‌ನಲ್ಲಿ ಇಳಿಯದೆ, ಅದೇ ಟ್ರೇನಿನಲ್ಲಿ ನೇರ ನೇಪಲ್ಸ್‌ಗೆ ಹೋದೆವು. ಅದು ಹತ್ತಿರ ಹತ್ತಿರ ಮೂರು ಗಂಟೆ. ಕೊನೆಗೆ ನೇಪಲ್ಸ್‌ನಿಂದ ರೋಮ್‌ಗೆ ಒಂದು ಗಂಟೆ ಹತ್ತು ನಿಮಿಷ. ವಿಮಾನ ಹತ್ತುವ ಊರು ಕೊನೆಯಲ್ಲೇ ಇರಬೇಕು. ಹಿಂದಿನ ದಿನವೇ ಅಲ್ಲಿದ್ದರೆ ಟ್ರೇನು ತಡವಾದರೂ ಎದೆ ಡವಡವ ಅನ್ನುವುದಿಲ್ಲ.

ಟಿಕೆಟ್ ವಿಷಯ ನಮ್ಮವರಿಗೆ ಸ್ವಲ್ಪ ಹೊಸದು. ಇಲ್ಲಿ ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಅಂತ ಅಭ್ಯಾಸ ಆಗಿರುತ್ತದೆ. ಅಲ್ಲಿ ಅದ್ಯಾವುದೂ ಇಲ್ಲ, ಬದಲಿಗೆ ವಿಮಾನದ ಟಿಕೆಟ್ ತರಹ ದರ ಏರುತ್ತಾ ಹೋಗುತ್ತದೆ. ವೇಗದ ಟ್ರೇನುಗಳನ್ನು ಎರಡು ಕಂಪನಿಗಳು ಓಡಿಸುತ್ತವೆ: ಸರ್ಕಾರಿ ಒಡೆತನದ ಟ್ರೆನಿಟಾಲಿಯಾ ಮತ್ತು 2012ರಲ್ಲಿ ಶುರುವಾದ ಖಾಸಗಿ ಇಟಾಲೊ. ಹಳಿ ಒಂದೇ, ಊರುಗಳೂ ಹೆಚ್ಚುಕಡಿಮೆ ಒಂದೇ, ವೇಗ ಎರಡರದ್ದೂ ಗಂಟೆಗೆ 300 ಕಿಲೋಮೀಟರ್‌ವರೆಗೆ. ಇಬ್ಬರ ನಡುವೆ ಪೈಪೋಟಿ ಇರುವುದರಿಂದ ಎರಡೂ ಆ್ಯಪ್ ತೆರೆದು ಹೋಲಿಸಿ ನೋಡಲೇಬೇಕು. ಟ್ರೆನಿಟಾಲಿಯಾದಲ್ಲಿ ಬೇಸ್, ಎಕಾನಮಿ, ಸೂಪರ್ ಎಕಾನಮಿ ಅಂತ ಮೂರು ದರ ಕಾಣುತ್ತವೆ. ಬೇಗ ಕೊಂಡರೆ ಸೂಪರ್ ಎಕಾನಮಿ ಎಷ್ಟೋ ಸಲ ಬೇಸ್‌ನ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಆದರೆ ಆ ಟ್ರೇನು ತಪ್ಪಿದರೆ ದುಡ್ಡು ಹೋದ ಹಾಗೆಯೇ.

ಇಲ್ಲೇ ನಮ್ಮ ಪಾಸ್‌ಪೋರ್ಟ್‌ನವರಿಗೆ ಒಂದು ತೊಡಕು. ಅಗ್ಗದ ಟಿಕೆಟ್ ಬೇಗ ಕೊಳ್ಳಬೇಕು, ಆದರೆ ವೀಸಾ ಬರುವ ಮುಂಚೆ ಹೇಗೆ ಕೊಳ್ಳುವುದು? ಷೆಂಗೆನ್ ವೀಸಾಕ್ಕೆ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾಕ್ಕೆ, ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಈ ಅವಕಾಶವನ್ನು ನಾನು ಪೂರ್ತಿ ಬಳಸಿಕೊಂಡೆ. ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್, ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ, ಯಾವ ದಿನ ಯಾವ ಟ್ರೇನು ಅಂತ ಬರೆದ ಒಂದು ಹಾಳೆ, ಇಷ್ಟನ್ನು ಜೋಡಿಸಿ ಕೊಟ್ಟೆ. ಟ್ರೇನ್ ಟಿಕೆಟ್ ಒಂದನ್ನೂ ಕೊಂಡಿರಲಿಲ್ಲ. ವೀಸಾ ಕೈಗೆ ಬಂದ ಸಂಜೆಯೇ ಕೂತು ವೇಗದ ಟ್ರೇನುಗಳನ್ನೆಲ್ಲಾ ಒಟ್ಟಿಗೆ ಬುಕ್ ಮಾಡಿದೆ. ಇನ್ನೊಂದು ವಿಷಯ ಗಮನದಲ್ಲಿರಲಿ: ಯುರೋಪಿನ ರೈಲು ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಜೂನ್ ತಿಂಗಳ ಮಧ್ಯಕ್ಕೆ ಮತ್ತು ಡಿಸೆಂಬರ್ ತಿಂಗಳ ಮಧ್ಯಕ್ಕೆ ಬದಲಾಗುತ್ತದೆ. ನೀವು ಹುಡುಕುವ ದಿನ ಅದರ ಆಚೆಗಿದ್ದರೆ ಟ್ರೇನೇ ಕಾಣದೆ ಇರಬಹುದು. ಗಾಬರಿ ಬೇಡ, ಕೆಲವು ವಾರ ಬಿಟ್ಟು ನೋಡಿ. ಯುರೋಪಿನ ಟ್ರೇನುಗಳಲ್ಲಿ ಇಂತಿಷ್ಟು ದಿನ ಓಡಾಡಲು ಕೊಳ್ಳುವ ಯೂರೇಲ್ ಪಾಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇಟಲಿ ಒಂದೇ ದೇಶಕ್ಕಾದರೆ ನನ್ನ ಪ್ರಕಾರ ಬೇಡ. ಪಾಸ್ ಇದ್ದರೂ ವೇಗದ ಟ್ರೇನಿಗೆ ಪ್ರತಿ ಸಲ ಸೀಟು ಕಾಯ್ದಿರಿಸಲು ಬೇರೆ ದುಡ್ಡು ಕೊಡಬೇಕು, ಮತ್ಯಾಕೆ ಅದು?

ಊರೂರು ನಿಲ್ಲುವ ಪ್ರಾದೇಶಿಕ ಟ್ರೇನು, ಅಂದರೆ ರೆಜೊನಾಲೆ, ಬೇರೆಯೇ ಲೋಕ. ಇವತ್ತು ಕೊಂಡರೂ ಅದೇ ದರ, ತಿಂಗಳ ಮುಂಚೆ ಕೊಂಡರೂ ಅದೇ ದರ. ಸೀಟು ನಂಬರ್ ಇಲ್ಲ. ಅದಕ್ಕೇ ಇವನ್ನು ಮೊದಲೇ ಬುಕ್ ಮಾಡಲು ಹೋಗಲಿಲ್ಲ. ಫ್ಲಾರೆನ್ಸ್‌ನಲ್ಲಿ ಬೆಳಿಗ್ಗೆ ಎದ್ದು ಬಿಸಿಲು ನೋಡಿ, ಇವತ್ತು ಪೀಸಾಕ್ಕೆ ಹೋಗೋಣವಾ ಲುಕ್ಕಾಕ್ಕೆ ಹೋಗೋಣವಾ ಅಂತ ತಿಂಡಿ ತಿನ್ನುತ್ತಾ ಮಾತಾಡಿಕೊಂಡು ಹೊರಡುತ್ತಿದ್ದೆವು. ಕಟ್ಟುನಿಟ್ಟಾದ ಪ್ರವಾಸದಲ್ಲಿ ಈ ಬಿಡುವೇ ನನಗೆ ಅತ್ಯಂತ ಇಷ್ಟವಾದದ್ದು. ವೇಗದ ಟ್ರೇನು ಗಟ್ಟಿ ಮಾಡಿಕೊಳ್ಳಿ, ಸಣ್ಣ ಟ್ರೇನನ್ನು ಖುಷಿಗೆ ಬಿಡಿ. ಒಂದೇ ನಿಯಮ: ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಸಣ್ಣ ಯಂತ್ರಕ್ಕೆ ತುರುಕಿ ಮುದ್ರೆ ಒತ್ತಿಸಬೇಕು, ಮೊಬೈಲ್ ಟಿಕೆಟ್ ಆದರೆ ಆ್ಯಪಿನಲ್ಲಿ ಚೆಕ್-ಇನ್ ಒತ್ತಬೇಕು. ಇದನ್ನು ಬಿಟ್ಟರೆ ಟಿಕೆಟ್ ಕೊಂಡಿದ್ದರೂ ದಂಡ ಬೀಳಬಹುದು.

ನಿಲ್ದಾಣದ ಹೆಸರು ಪೂರ್ತಿ ಓದಿ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ವೆನಿಸ್‌ಗೆ ಮುಖ್ಯವಾಗಿ ಎರಡು ನಿಲ್ದಾಣ. ವೆನೆಜಿಯಾ ಮೆಸ್ತ್ರೆ ಇರುವುದು ಈಚೆ ದಡದ ನೆಲದ ಮೇಲೆ. ವೆನೆಜಿಯಾ ಸಾಂತಾ ಲೂಚಿಯಾ ಇರುವುದು ದ್ವೀಪದಲ್ಲಿ. ನಡುವೆ ನೀರಿನ ಮೇಲೆ ಉದ್ದನೆಯ ಸೇತುವೆ, ರೈಲು ಅದರ ಮೇಲೆ ಓಡುತ್ತಿರುವುದು 1846ರಿಂದ. ಸಾಂತಾ ಲೂಚಿಯಾದ ಬಾಗಿಲು ದಾಟಿದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಗ್ರ್ಯಾಂಡ್ ಕೆನಾಲ್. ಎದುರಿಗೆ ರಸ್ತೆಯೇ ಇಲ್ಲ! ಅಪ್ಪ ಅಲ್ಲೇ ನಿಂತುಬಿಟ್ಟರು, ಹೋಟೆಲಿಗೆ ಹೊರಡಿಸಲು ಎರಡು ಸಲ ಕರೆಯಬೇಕಾಯಿತು. ಮೆಸ್ತ್ರೆಯಲ್ಲಿ ಹೋಟೆಲ್ ಅಗ್ಗ, ನಿಜ. ಆದರೂ ನಾನು ದ್ವೀಪದಲ್ಲೇ, ನಿಲ್ದಾಣದಿಂದ ಸೇತುವೆ ಹತ್ತದೆ ಹೋಗಬಹುದಾದ ಕಡೆ ರೂಮ್ ಹುಡುಕಿದೆ. ಅಲ್ಲಿನ ಬಹುತೇಕ ಸೇತುವೆಗಳಿಗೆ ಮೆಟ್ಟಿಲು, ಸೂಟ್‌ಕೇಸ್ ಹೊತ್ತು ಹತ್ತುವುದು ಅಮ್ಮನಿಗೆ ಸಾಧ್ಯವೇ ಇರಲಿಲ್ಲ. ಫ್ಲಾರೆನ್ಸ್‌ಗೆ ಸಾಂತಾ ಮರಿಯಾ ನೊವೆಲ್ಲಾ, ರೋಮ್‌ಗೆ ತೆರ್ಮಿನಿ, ಇವೇ ಊರಿನ ನಡುವಿನ ನಿಲ್ದಾಣಗಳು. ಕೆಲವು ಟ್ರೇನುಗಳು ಕಾಂಪೊ ದಿ ಮಾರ್ತೆ, ತಿಬುರ್ತಿನಾದಂಥ ಬೇರೆ ನಿಲ್ದಾಣಕ್ಕೆ ಹೋಗುತ್ತವೆ.

ಬೋರ್ಡಿನಲ್ಲಿ ನಿಮ್ಮ ಊರಿನ ಹೆಸರು ಹುಡುಕಬೇಡಿ, ಟ್ರೇನ್ ನಂಬರ್ ಹುಡುಕಿ. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ಟ್ರೇನಿಗೆ ಬೋರ್ಡಿನಲ್ಲಿ ರೋಮಾ ಅಥವಾ ನಾಪೊಲಿ ಅಂತ ಇರಬಹುದು, ಅದು ಕೊನೆಯ ನಿಲ್ದಾಣ. ಬಿನಾರಿಯೊ, ಅಂದರೆ ಪ್ಲಾಟ್‌ಫಾರ್ಮ್ ನಂಬರ್, ಹೊರಡುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ಕಾಣುತ್ತದೆ. ಬೊಲೊನ್ಯದಲ್ಲಿ ಟ್ರೇನ್ ಬದಲಿಸುವವರು ಸಮಯ ಜಾಸ್ತಿ ಇಟ್ಟುಕೊಳ್ಳಿ, ಅಲ್ಲಿ ವೇಗದ ಟ್ರೇನುಗಳ ಪ್ಲಾಟ್‌ಫಾರ್ಮ್ ನೆಲದ ಕೆಳಗೆ ಆಳದಲ್ಲಿದೆ. ಅಮ್ಮನಿಗಾಗಿ ಸಾಲಾ ಬ್ಲೂ ಎನ್ನುವ ರೈಲ್ವೆಯ ಉಚಿತ ಸೇವೆಯನ್ನು ಮೊದಲೇ ಕೇಳಿಕೊಂಡಿದ್ದೆ. ಗಾಲಿಕುರ್ಚಿಯಲ್ಲಿ ಕರೆದೊಯ್ದು ಬೋಗಿಯೊಳಗೆ ಕೂರಿಸುವವರೆಗೂ ಜೊತೆಗಿರುತ್ತಾರೆ. ವಯಸ್ಸಾದವರ ಜೊತೆ ಹೋಗುವವರು ಇದನ್ನು ದಯವಿಟ್ಟು ಬಳಸಿಕೊಳ್ಳಿ, ನಾಚಿಕೆ ಬೇಡ.

ದಿನ ಹೊಂದಿಸುವಾಗ ವಸ್ತುಸಂಗ್ರಹಾಲಯದ ರಜೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಫ್ಲಾರೆನ್ಸ್‌ನ ಉಫಿಜಿ ಸೋಮವಾರ ಮುಚ್ಚಿರುತ್ತದೆ, ಮಿಲಾನ್‌ನಲ್ಲಿ ಲಿಯೊನಾರ್ಡೊನ ಲಾಸ್ಟ್ ಸಪ್ಪರ್ ಚಿತ್ರ ಇರುವ ಕಡೆಯೂ ಹಾಗೆ. ವ್ಯಾಟಿಕನ್ ಮ್ಯೂಸಿಯಂಗಳು ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತವೆ. ಲಾಸ್ಟ್ ಸಪ್ಪರ್‌ಗೆ ಒಂದು ಗುಂಪಿಗೆ ಹದಿನೈದೇ ನಿಮಿಷ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಅದಕ್ಕೇ ಅದರ ಟಿಕೆಟ್ ಸಿಕ್ಕಮೇಲೆ ಅದರ ಸುತ್ತ ಮಿಲಾನ್ ದಿನಗಳನ್ನು ಕೂರಿಸಿದೆ.

ಮುಷ್ಕರದ ಬಗ್ಗೆಯೂ ಹೇಳಬೇಕು. ಅಲ್ಲಿ ಅದಕ್ಕೆ ಷೊಪೆರೊ ಅನ್ನುತ್ತಾರೆ, ಸಾಮಾನ್ಯವಾಗಿ ದಿನಾಂಕ ಮೊದಲೇ ಗೊತ್ತಾಗುತ್ತದೆ. ಸಾರಿಗೆ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಪಟ್ಟಿ ಇರುತ್ತದೆ, ಹೊರಡುವ ವಾರ ಅದನ್ನು ನೋಡುವುದು ರೂಢಿ ಮಾಡಿಕೊಂಡೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ಟ್ರೇನುಗಳಿಗೆ ಖಾತರಿಯ ಸಮಯ. ದೂರದ ಟ್ರೇನುಗಳಲ್ಲೂ ಓಡೇ ಓಡುವ ಕೆಲವು ಇರುತ್ತವೆ, ಅವುಗಳ ಪಟ್ಟಿ ಸಿಗುತ್ತದೆ.

ನೇಪಲ್ಸ್‌ನಿಂದ ಪ್ರಾಚೀನ ರೋಮನ್ ಊರಿನ ಅವಶೇಷಗಳಿರುವ ಪೊಂಪೆಗೆ ಹೋಗುವುದು ದೊಡ್ಡ ಟ್ರೇನಲ್ಲ, ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್. ಸೆಂಟ್ರಲ್ ನಿಲ್ದಾಣದ ಕೆಳಗಿನ ಗರಿಬಾಲ್ಡಿಯಿಂದ ಸೊರೆಂಟೊ ಕಡೆಯದು ಹತ್ತಿ, ಪೊಂಪೆ ಸ್ಕಾವಿ - ವಿಲ್ಲಾ ದೆಯ್ ಮಿಸ್ತೆರಿ ನಿಲ್ದಾಣದಲ್ಲಿ ಇಳಿದರೆ ಅವಶೇಷಗಳ ಬಾಗಿಲು ಎದುರಿಗೇ. ಸುಮಾರು 40 ನಿಮಿಷ. ತುಂಬಾ ರಶ್ ಇರುತ್ತದೆ, ಜೇಬಿನ ಮೇಲೆ ಗಮನವಿರಲಿ, ಬೆಳಿಗ್ಗೆ ಬೇಗ ಹೋದರೆ ಅಪ್ಪ ಅಮ್ಮನಿಗೆ ಕೂರಲು ಜಾಗ ಸಿಗುತ್ತದೆ. ರೋಮ್‌ನಲ್ಲಿ ತೆರ್ಮಿನಿ ಹತ್ತಿರವೇ ಉಳಿದುಕೊಂಡೆವು. ಅಲ್ಲಿಂದ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷದಲ್ಲಿ, ಎಲ್ಲೂ ನಿಲ್ಲದೆ ಹೋಗುತ್ತದೆ. ಅಗ್ಗದ ಪ್ರಾದೇಶಿಕ ಟ್ರೇನೂ ಇದೆ, ಆದರೆ ಅದು ತೆರ್ಮಿನಿಗೆ ಬರುವುದಿಲ್ಲ. ತಿಬುರ್ತಿನಾ ಅಥವಾ ತ್ರಾಸ್ತೆವೆರೆ ಹತ್ತಿರ ಉಳಿದವರಿಗೆ ಅದೇ ಸರಿ.